ಗೆಡ್ಡೆಗೆ ರಕ್ತನಾಳ ಕಟ್ಟಿಕೊಡುವವರು ಯಾರು?

ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಪೆಥಾಲಜಿ ಲ್ಯಾಬಿನಲ್ಲಿ ಮೇಣದೊಳಗೆ ಹುದುಗಿಸಿ, ಕೂದಲಿಗಿಂತ ಬಹಳ ತೆಳುವಾದ ಪದರಗಳಾಗಿ ಸೀಳಿ, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕ್ಯಾನ್ಸರ್ ಕೋಶಗಳ ಗುಂಪು. ದೊಡ್ಡ ದೊಡ್ಡ, ಸೊಟ್ಟಸೊಟ್ಟಾದ, ನೇರಳೆ ಬಣ್ಣದ ಕೋಶಕೇಂದ್ರಗಳು. ಇನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದರೆ ಬೇರೆಯವೂ ಕಾಣತೊಡಗುತ್ತವೆ. ಗುಂಪುಗಳ ನಡುವಿನ ಸಂದಿಗಳಲ್ಲಿ ಸಣ್ಣ, ಗುಂಡನೆಯ, ಕಡುನೀಲಿ ಚುಕ್ಕಿಗಳಿರುತ್ತವೆ. ಅವು ಲಿಂಫೊಸೈಟ್‌ಗಳು, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆ. ಅಲ್ಲಲ್ಲಿ ಅಂಕುಡೊಂಕಾದ ಸಣ್ಣ ನಾಳಗಳು, ಅವುಗಳೊಳಗೆ ಸಿಕ್ಕಿಕೊಂಡ ಕೆಂಪು ರಕ್ತಕಣಗಳು. ನಾಳದಿಂದ ದೂರ ಸರಿದಂತೆ ಒಂದು ಕಡೆ ಕೋಶಕೇಂದ್ರಗಳೇ ಇಲ್ಲದ, ಬರೀ ಗುಲಾಬಿ ಬಣ್ಣ ಬಳಿದಂತಿರುವ ಜಾಗ ಸಿಗುತ್ತದೆ. ಅಲ್ಲಿನ ಕ್ಯಾನ್ಸರ್ ಕೋಶಗಳು ಸತ್ತಿವೆ.

ನಾಳದಿಂದ ಆ ಸತ್ತ ಜಾಗದವರೆಗಿನ ದೂರವನ್ನು ಬ್ರಿಟನ್ನಿನ ಥಾಮ್ಲಿನ್ಸನ್ ಮತ್ತು ಗ್ರೇ ಎಂಬ ಇಬ್ಬರು ಸಂಶೋಧಕರು 1955ರಲ್ಲೇ ಶ್ವಾಸಕೋಶದ ಕ್ಯಾನ್ಸರಿನ ಸ್ಲೈಡುಗಳಲ್ಲಿ ಅಳೆದಿದ್ದರು. ಅದು ಒಂದು ಮಿಲಿಮೀಟರಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ರಕ್ತದಿಂದ ಹೊರಬಿದ್ದ ಆಮ್ಲಜನಕ ಕೋಶಗಳ ನಡುವೆ ಅಷ್ಟು ದೂರ ಹೋಗುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಎಷ್ಟೇ ಉಗ್ರವಾದ ಕ್ಯಾನ್ಸರ್ ಕೋಶವಾದರೂ ಈ ಅಳತೆಯನ್ನು ಮೀರಿ ಬದುಕುವುದು ಕಷ್ಟ.

ಕ್ಯಾನ್ಸರ್ ಎಂದರೆ ಕೋಶಗಳು ಕಡಿವಾಣವಿಲ್ಲದೆ ಬೆಳೆಯುವುದು ಎಂದು ಶಾಲೆಯಲ್ಲಿ ಓದಿರುತ್ತೇವೆ. ಅದು ಸರಿ, ಆದರೆ ಅರ್ಧ ಮಾತು. ಕೆಟ್ಟ ಕೋಶ ತಾನೊಂದೇ ಬೆಳೆದು ನಿಂಬೆಹಣ್ಣಿನ ಗಾತ್ರ ಮುಟ್ಟಲಾರದು. ಅದಕ್ಕೆ ರಕ್ತ ತರುವ ನಾಳ ಬೇಕು, ಆ ನಾಳವನ್ನು ಕಟ್ಟಲು ನೆರವಾಗುವ ಕೋಶಗಳು ಬೇಕು. ಆ ನೆರವು ಬಹುಮಟ್ಟಿಗೆ ಬರುವುದು ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕೋಶಗಳಿಂದಲೇ. ಈಗ ಆಸ್ಪತ್ರೆಗಳಲ್ಲಿ ಕೊಡುತ್ತಿರುವ ಹಲವು ಹೊಸ ಔಷಧಿಗಳ ಮರ್ಮ ಇಲ್ಲಿದೆ. ರೋಗಿಯ ಮನೆಯವರಿಗೆ ಇದು ಅರ್ಥವಾದರೆ ವೈದ್ಯರ ಮಾತೂ ಅರ್ಥವಾಗುತ್ತದೆ, ಊರವರು ಕೊಡುವ ಸಲಹೆಗಳಲ್ಲಿ ಯಾವುದು ಹಿಡಿಯಬೇಕು, ಯಾವುದು ಬಿಡಬೇಕು ಎಂಬುದೂ ತಿಳಿಯುತ್ತದೆ.

ಒಂದೆರಡು ಮಿಲಿಮೀಟರಿಗೆ ನಿಂತ ಗೆಡ್ಡೆ

1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಜುಡಾ ಫೋಕ್‌ಮನ್ ಎಂಬ ಯುವ ಶಸ್ತ್ರವೈದ್ಯರು ಬೇರೆಯದೇ ಕೆಲಸದಲ್ಲಿದ್ದರು. ಹಡಗುಗಳಲ್ಲಿ ಬಹುಕಾಲ ಇಟ್ಟುಕೊಳ್ಳಬಹುದಾದ, ರಕ್ತದ ಬದಲಿಗೆ ಬಳಸಬಹುದಾದ ಹಿಮೋಗ್ಲೋಬಿನ್ ದ್ರವವನ್ನು ಪರೀಕ್ಷಿಸುವ ಕೆಲಸ ಅದು. ಪ್ರಾಣಿಯ ಥೈರಾಯ್ಡ್ ಗ್ರಂಥಿಯನ್ನು ದೇಹದಿಂದ ತೆಗೆದು, ಗಾಜಿನ ಪಾತ್ರೆಯಲ್ಲಿಟ್ಟು, ಅದರ ನಾಳಗಳೊಳಗೆ ಈ ದ್ರವ ಹರಿಸಿ ಜೀವಂತವಾಗಿಟ್ಟಿದ್ದರು. ಗ್ರಂಥಿ ನಿಜಕ್ಕೂ ಬದುಕಿದೆಯೇ ಎಂದು ತಿಳಿಯಲು ಅವರೂ ಅವರ ಸಹೋದ್ಯೋಗಿ ಫ್ರೆಡರಿಕ್ ಬೆಕರ್ ಅವರೂ ಅದರೊಳಗೆ ಇಲಿಯ ಕ್ಯಾನ್ಸರ್ ಕೋಶಗಳನ್ನು ಸೇರಿಸಿದರು. ಕೋಶಗಳು ಬೆಳೆದು ಒಂದೆರಡು ಮಿಲಿಮೀಟರಿನ ಗೆಡ್ಡೆಗಳಾದವು. ಅಲ್ಲಿಗೆ ನಿಂತುಬಿಟ್ಟವು. ಅವು ಸತ್ತಿರಲಿಲ್ಲ. ಅದೇ ಗೆಡ್ಡೆಗಳನ್ನು ಜೀವಂತ ಇಲಿಗೆ ಕಸಿ ಮಾಡಿದಾಗ ಬೇಗಬೇಗ ಬೆಳೆದು ಇಲಿಯನ್ನು ಕೊಂದವು. ಗಾಜಿನ ಪಾತ್ರೆಯಲ್ಲಿ ಇಲ್ಲದ್ದು, ಇಲಿಯಲ್ಲಿ ಇದ್ದದ್ದು ಏನು? ಹೊಸ ರಕ್ತನಾಳ.

ಫೋಕ್‌ಮನ್ ಬಾಸ್ಟನ್ನಿಗೆ ಹೋಗಿ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತ ಈ ಪ್ರಶ್ನೆಯ ಬೆನ್ನು ಬಿಡಲಿಲ್ಲ. ಗೆಡ್ಡೆ ಯಾವುದೋ ರಾಸಾಯನಿಕವನ್ನು ಹೊರಬಿಟ್ಟು ಅಕ್ಕಪಕ್ಕದ ನಾಳಗಳಿಂದ ಟಿಸಿಲೊಡೆಸುತ್ತದೆ, ಅದನ್ನು ತಡೆದರೆ ಗೆಡ್ಡೆಯನ್ನೂ ತಡೆಯಬಹುದು ಎಂದು 1971ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದರು. ಮುಂದೆ ಅವರ ತಂಡ ಮೊಲದ ಕಣ್ಣಿನ ಪಾರದರ್ಶಕ ಪಟಲದಲ್ಲಿ ಗೆಡ್ಡೆಯ ಚೂರನ್ನು ಇಟ್ಟು ನೋಡಿತು. ಆ ಪಟಲದಲ್ಲಿ ರಕ್ತನಾಳವೇ ಇರುವುದಿಲ್ಲ. ಇದ್ದರೆ ಕಣ್ಣು ಕಾಣುವುದಿಲ್ಲ. ಕೆಲವು ದಿನಗಳಲ್ಲಿ ಪಟಲದ ಅಂಚಿನಿಂದ ಕೆಂಪು ಎಳೆಗಳು ಹೊರಟು ನೇರ ಗೆಡ್ಡೆಯ ಕಡೆಗೇ ಬಂದವು. ಗೆಡ್ಡೆಯ ಕಾರಣದಿಂದಲೇ ನಾಳ ಹುಟ್ಟುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನೋಟ ಬೇಕಿರಲಿಲ್ಲ.

ಆದರೂ ಬಹಳ ಮಂದಿ ಒಪ್ಪಲಿಲ್ಲ. ‘ಗೆಡ್ಡೆಯ ಸುತ್ತ ಕಾಣುವ ಆ ಕೆಂಪು ಬರೀ ಉರಿಯೂತ, ಸಾಯುತ್ತಿರುವ ಕೋಶಗಳಿಗೆ ದೇಹ ತೋರುವ ಪ್ರತಿಕ್ರಿಯೆ’ ಎಂಬುದು ಅಂದಿನ ಸಾಮಾನ್ಯ ಆಕ್ಷೇಪ. ಇಂದು ನಿಂತು ನೋಡಿದರೆ ನನಗೆ ಅನಿಸುವುದು, ಎರಡೂ ಕಡೆಯವರ ಕೈಯಲ್ಲಿ ಒಂದೊಂದು ತುಂಡು ಸತ್ಯವಿತ್ತು. ಗೆಡ್ಡೆ ನಾಳಗಳನ್ನು ಕರೆಸಿಕೊಳ್ಳುತ್ತದೆ ಎಂಬ ಫೋಕ್‌ಮನ್ ಮಾತು ನಿಜವಾಯಿತು. ಆ ಕೆಲಸದಲ್ಲಿ ಉರಿಯೂತದ ಕೋಶಗಳ ಪಾಲು ದೊಡ್ಡದು ಎಂಬುದೂ ಮುಂದೆ ನಿಜವಾಯಿತು.

ಉಸಿರುಗಟ್ಟಿದ ಕೋಶ ಮಾಡುವುದೇನು?

ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ‘ಹಿಫ್’ ಎಂಬ ಪ್ರೋಟೀನನ್ನು ಸದಾ ತಯಾರಿಸುತ್ತಿರುತ್ತದೆ, ತಯಾರಾದ ಕೆಲವೇ ನಿಮಿಷಗಳಲ್ಲಿ ನಾಶವನ್ನೂ ಮಾಡುತ್ತಿರುತ್ತದೆ. ನೋಡುವುದಕ್ಕೆ ದಂಡದ ಕೆಲಸ. ಆದರೆ ನಾಶ ಮಾಡಲು ಆಮ್ಲಜನಕ ಬೇಕು: ಆಮ್ಲಜನಕವನ್ನು ಬಳಸಿ ಒಂದು ಕಿಣ್ವ ಹಿಫ್ ಮೇಲೆ ಗುರುತು ಹಾಕುತ್ತದೆ, ಆ ಗುರುತು ಹಿಡಿದು ಇನ್ನೊಂದು ಪ್ರೋಟೀನು ಅದನ್ನು ನಾಶಕ್ಕೆ ಕಳಿಸುತ್ತದೆ. ಆಮ್ಲಜನಕ ಕಡಿಮೆಯಾದರೆ ಗುರುತು ಬೀಳುವುದಿಲ್ಲ. ಹಿಫ್ ಉಳಿದುಕೊಂಡು ಕೋಶಕೇಂದ್ರಕ್ಕೆ ಹೋಗಿ ಹತ್ತಾರು ಜೀನುಗಳನ್ನು ಚಾಲೂ ಮಾಡುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿಟ್ಟ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಚಾಲೂ ಆಗುವ ಜೀನುಗಳಲ್ಲಿ ನಮಗೆ ಮುಖ್ಯವಾದದ್ದು ವಿಇಜಿಎಫ್ ಎಂಬ ಪ್ರೋಟೀನಿನದು. ಹೆರಾಲ್ಡ್ ಡ್ವೊರಾಕ್ ಅವರ ಗುಂಪು 1983ರಲ್ಲಿ ಇದನ್ನು ‘ನಾಳಗಳನ್ನು ಸೋರುವಂತೆ ಮಾಡುವ ವಸ್ತು’ ಎಂದು ಕಂಡುಕೊಂಡಿತ್ತು. 1989ರಲ್ಲಿ ನೆಪೋಲಿಯೋನ್ ಫೆರಾರಾ ‘ನಾಳಗಳನ್ನು ಬೆಳೆಸುವ ವಸ್ತು’ ಎಂದು ಬೇರ್ಪಡಿಸಿದರು. ಎರಡೂ ಒಂದೇ ಎಂದು ಆಮೇಲೆ ತಿಳಿಯಿತು. ಬೆಳೆಸುವುದು, ಸೋರಿಸುವುದು ಎರಡನ್ನೂ ಒಂದೇ ಪ್ರೋಟೀನು ಮಾಡುತ್ತದೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ತೊಡಕೆಲ್ಲ ಅದರಿಂದಲೇ.

ವಿಇಜಿಎಫ್ ಹತ್ತಿರದ ರಕ್ತನಾಳವನ್ನು ತಲುಪಿದಾಗ ಅದರ ಒಳಗೋಡೆಯ ಕೋಶಗಳಲ್ಲಿ ಒಂದು ತುದಿಕೋಶವಾಗಿ ಮಾರ್ಪಟ್ಟು, ಬೆರಳಿನಂಥ ಚಾಚುಗಳನ್ನು ಹೊರಡಿಸಿ, ವಿಇಜಿಎಫ್ ಹೆಚ್ಚಿರುವ ಕಡೆಗೆ ತೆವಳುತ್ತದೆ. ಹಿಂದಿನವು ವಿಭಜನೆಯಾಗುತ್ತ ಅದನ್ನು ಹಿಂಬಾಲಿಸುತ್ತವೆ. ಆಮೇಲೆ ಒಳಗೆ ಟೊಳ್ಳಾಗಿ ರಕ್ತ ಹರಿಯತೊಡಗುತ್ತದೆ. ದೊಡ್ಡವರ ದೇಹದಲ್ಲಿ ಈ ಕೋಶಗಳು ಸಾಮಾನ್ಯವಾಗಿ ಸುಮ್ಮನಿರುತ್ತವೆ. ಮುಟ್ಟಿನ ಚಕ್ರ, ಬಸಿರು, ಗಾಯ ಮಾಯುವುದು ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಎಚ್ಚರಗೊಂಡು, ಕೆಲಸ ಮುಗಿದ ಮೇಲೆ ಮತ್ತೆ ಸುಮ್ಮನಾಗುತ್ತವೆ. ಗೆಡ್ಡೆಯಲ್ಲಿ ಕೆಲಸ ಮುಗಿಯುವುದೇ ಇಲ್ಲ.

ಎಲ್ಲ ಗೆಡ್ಡೆಗಳೂ ಹೀಗೇ ಮಾಡುತ್ತವೆ ಎಂದಲ್ಲ. ಮಿದುಳು, ಯಕೃತ್ತು, ಶ್ವಾಸಕೋಶಗಳಂಥ ರಕ್ತನಾಳ ತುಂಬಿದ ಅಂಗಗಳಲ್ಲಿ ಕೆಲವು ಗೆಡ್ಡೆಗಳು ಇರುವ ನಾಳಗಳ ಗುಂಟ ಹರಡಿಕೊಂಡು, ಹೊಸದನ್ನು ಕಟ್ಟಿಸುವ ಗೋಜಿಗೇ ಹೋಗುವುದಿಲ್ಲ. ಅಂಥವಕ್ಕೆ ನಾಳ ತಡೆಯುವ ಔಷಧಿ ಅಷ್ಟಾಗಿ ನಾಟುವುದಿಲ್ಲ.

ಮಾಯದ ಗಾಯ

ಮಂಡಿ ತರಚಿದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಕ್ರಮವಾಗಿ ನೋಡಿ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಕ್ರಿಮಿಗಳನ್ನು ಕೊಲ್ಲುತ್ತವೆ. ಒಂದೆರಡು ದಿನಗಳಲ್ಲಿ ಮ್ಯಾಕ್ರೊಫೇಜ್‌ಗಳು ಬರುತ್ತವೆ. ಇವು ದೊಡ್ಡ ಕೋಶಗಳು, ಸತ್ತದ್ದನ್ನೆಲ್ಲ ನುಂಗಿ ಜಾಗ ಹಸನು ಮಾಡುವುದು ಇವುಗಳ ಮೊದಲ ಕೆಲಸ. ಹಸನಾದ ಮೇಲೆ ಇವೇ ತಮ್ಮ ಸ್ವಭಾವ ಬದಲಿಸಿ ದುರಸ್ತಿಗೆ ನಿಲ್ಲುತ್ತವೆ. ವಿಇಜಿಎಫ್ ಬಿಡುತ್ತವೆ, ನಾಳ ಮುನ್ನುಗ್ಗಲು ದಾರಿಯಾಗುವಂತೆ ಕೋಶಗಳ ನಡುವಿನ ನಾರಿನ ಹಂದರವನ್ನು ಕರಗಿಸುವ ಕಿಣ್ವ ಬಿಡುತ್ತವೆ, ಜೊತೆಗೆ ಹೊಡೆದಾಡುವ ಕೋಶಗಳಿಗೆ ‘ಇನ್ನು ಸಾಕು’ ಎಂಬ ಸೂಚನೆಯನ್ನೂ ಕೊಡುತ್ತವೆ. ಹೆಕ್ಕಳೆಯನ್ನು ಬೇಗ ಕಿತ್ತರೆ ಅಡಿಯಲ್ಲಿ ಕಾಣುವ ಕೆಂಪಾದ, ಒದ್ದೆಯಾದ, ಮುಟ್ಟಿದರೆ ರಕ್ತ ಜಿನುಗುವ ಮಾಂಸ ಇದೆಯಲ್ಲ, ಅದು ಹೀಗೆ ಹೊಸದಾಗಿ ಹುಟ್ಟಿದ ನಾಳಗಳಿಂದಲೇ ತುಂಬಿರುತ್ತದೆ. ಚರ್ಮ ಕೂಡಿಕೊಂಡ ಮೇಲೆ ಆ ನಾಳಗಳಲ್ಲಿ ಹೆಚ್ಚಿನವು ಮರೆಯಾಗಿ ಬಿಳಿಯ ಕಲೆ ಉಳಿಯುತ್ತದೆ.

‘ಗೆಡ್ಡೆಗಳು ಮಾಯದ ಗಾಯಗಳು’ ಎಂದು ಡ್ವೊರಾಕ್ 1986ರಲ್ಲಿ ಬರೆದರು. ಕ್ಯಾನ್ಸರ್ ಬಗ್ಗೆ ಬಂದ ಮಾತುಗಳಲ್ಲಿ ಇಷ್ಟು ಆಳವಾದದ್ದು ಕಡಿಮೆ ಎಂದೇ ನನ್ನ ಎಣಿಕೆ. ಗೆಡ್ಡೆ ಹೊಸದೇನನ್ನೂ ಕಂಡುಹಿಡಿದಿಲ್ಲ. ದುರಸ್ತಿಯ ಈ ಹಳೆಯ ಕ್ರಮವನ್ನೇ ಚಾಲೂ ಮಾಡಿ, ಕೊನೆಯ ಹಂತಕ್ಕೆ ಹೋಗದಂತೆ ತಡೆದಿಟ್ಟುಕೊಳ್ಳುತ್ತದೆ.

ಹೇಗೆ ಎಂದರೆ, ಉಸಿರುಗಟ್ಟಿದ ಗೆಡ್ಡೆಯ ಕೋಶಗಳು ಬಿಡುವ ಸಂಕೇತಗಳನ್ನು ಹಿಡಿದು ರಕ್ತದಲ್ಲಿನ ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ಬಂದು ಒಳಗೆ ಮ್ಯಾಕ್ರೊಫೇಜ್‌ಗಳಾಗುತ್ತವೆ. ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಗೆಡ್ಡೆಯ ಅರ್ಧದ ಹತ್ತಿರದಷ್ಟು ಭಾಗ ಇವೇ ಆಗಿರುವುದುಂಟು. ಆಮ್ಲಜನಕ ಕಡಿಮೆ ಇರುವ, ಕೋಶಗಳು ಸಾಯುತ್ತಿರುವ ಮೂಲೆಗಳಲ್ಲೇ ಇವು ಹೆಚ್ಚು ಸೇರುತ್ತವೆ. ಸುತ್ತಲಿನ ಲಕ್ಷಣ ಗಾಯದಂತೆಯೇ ಇರುವುದರಿಂದ ಇವು ದುರಸ್ತಿಯ ಸ್ವಭಾವಕ್ಕೆ ತಿರುಗಿ ನಾಳ ಕಟ್ಟಿಸುತ್ತವೆ. ಸ್ತನ ಕ್ಯಾನ್ಸರ್ ಬರುವಂತೆ ಮಾಡಿದ ಇಲಿಗಳ ಮೇಲೆ ಜೆಫ್ರಿ ಪೊಲಾರ್ಡ್ ತಂಡ ಮಾಡಿದ ಪ್ರಯೋಗ ಇದನ್ನು ಬಿಡಿಸಿ ತೋರಿಸಿತು. ಮ್ಯಾಕ್ರೊಫೇಜ್‌ಗಳು ಒಳಬರದಂತೆ ಮಾಡಿದ ಇಲಿಗಳಲ್ಲಿ ಗೆಡ್ಡೆಗೆ ನಾಳಗಳು ತುಂಬಿಕೊಳ್ಳುವುದು ತಡವಾಯಿತು. ಬೇಗ ಬರುವಂತೆ ಮಾಡಿದಾಗ ನಾಳಗಳೂ ಬೇಗ ಬಂದವು.

ಇನ್ನೊಂದು ಸೂಕ್ಷ್ಮ ಇದೆ. ಗೆಡ್ಡೆಯ ಕೋಶಗಳು ತಯಾರಿಸಿದ ವಿಇಜಿಎಫ್‌ನ ಬಹುಭಾಗ ನಾರಿನ ಹಂದರಕ್ಕೆ ಅಂಟಿಕೊಂಡು ಕೂತಿರುತ್ತದೆ, ಇದ್ದೂ ಉಪಯೋಗಕ್ಕಿಲ್ಲ. ಹಂದರವನ್ನು ಕತ್ತರಿಸುವ ಎಂಎಂಪಿ-9 ಎಂಬ ಕಿಣ್ವವನ್ನು ಬಿಳಿ ರಕ್ತಕಣಗಳು ತಂದಾಗ ಅದು ಬಿಡುಗಡೆಯಾಗುತ್ತದೆ. ಡಗ್ಲಾಸ್ ಹನಹಾನ್ ಪ್ರಯೋಗಾಲಯದಿಂದ 2000ದಲ್ಲಿ ಬಂದ ಸಂಶೋಧನೆ ಇದು. ಸದ್ದಿಲ್ಲದೆ ಕೂತಿದ್ದ ಗೆಡ್ಡೆ ಹಠಾತ್ತನೆ ನಾಳ ಪಡೆದು ಬೆಳೆಯತೊಡಗುವುದಕ್ಕೆ ಬಿಳಿ ರಕ್ತಕಣಗಳ ಆಗಮನವೇ ಕಾರಣವಾಗಬಹುದು ಎಂಬುದು ಇಲ್ಲಿ ಕಂಡಿತು. ನ್ಯೂಟ್ರೊಫಿಲ್, ಮಾಸ್ಟ್ ಕೋಶಗಳೂ ಇದೇ ಸಾಲಿನಲ್ಲಿ ಬರುತ್ತವೆ. ನಿಯಂತ್ರಕ ಟಿ ಕೋಶಗಳು ಎಂಬ ಒಂದು ಬಗೆಯ ಲಿಂಫೊಸೈಟ್‌ಗಳು ಬೇರೆ ಟಿ ಕೋಶಗಳನ್ನು ಸುಮ್ಮನಿರಿಸುವುದರ ಜೊತೆಗೆ ತಾವೂ ವಿಇಜಿಎಫ್ ಸುರಿಸುತ್ತವೆ.

ಹಾಗಾದರೆ ಕ್ಯಾನ್ಸರನ್ನು ಕೊಲ್ಲುವ ರೋಗನಿರೋಧಕ ಕೋಶಗಳು ಇಲ್ಲವೇ? ಇವೆ. ಸಿಡಿ8 ಟಿ ಕೋಶಗಳು ಕ್ಯಾನ್ಸರ್ ಕೋಶವನ್ನು ಗುರುತಿಸಿ, ಅದಕ್ಕೆ ಅಂಟಿ, ರಂಧ್ರ ಕೊರೆಯುವ ಪ್ರೋಟೀನು ಬಿಟ್ಟು ಕೊಲ್ಲಬಲ್ಲವು. ಫ್ರಾನ್ಸಿನ ಜೆರೋಮ್ ಗಲಾನ್ ತಂಡ 2006ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಮಾದರಿಗಳಲ್ಲಿ ಟಿ ಕೋಶಗಳು ಎಷ್ಟಿವೆ, ಎಲ್ಲಿವೆ ಎಂದು ಎಣಿಸಿ ನೋಡಿತು. ಗೆಡ್ಡೆಯ ನಡುವಿನಲ್ಲೂ ಅಂಚಿನಲ್ಲೂ ಟಿ ಕೋಶಗಳು ತುಂಬಿದ್ದ ರೋಗಿಗಳು ಹೆಚ್ಚು ಕಾಲ ಬದುಕಿದ್ದರು. ಎಷ್ಟಿವೆ ಎಂಬುದರಷ್ಟೇ ಎಲ್ಲಿವೆ ಎಂಬುದೂ ಮುಖ್ಯ. ಅಂಚಿನಲ್ಲಿ ಗುಂಪುಗೂಡಿ ಒಳಗೆ ಬರಲಾರದೆ ನಿಂತಿರುವ ಟಿ ಕೋಶಗಳು ಬಹಳ ಸ್ಲೈಡುಗಳಲ್ಲಿ ಕಾಣುತ್ತವೆ. ಅವು ಯಾಕೆ ಒಳಗೆ ಬರುವುದಿಲ್ಲ ಎಂದು ಕೇಳಿದರೆ ಮತ್ತೆ ರಕ್ತನಾಳಕ್ಕೇ ಬರಬೇಕು.

ಸೋರುವ ನಾಳ

ಗೆಡ್ಡೆಯ ನಾಳಗಳು ಸರಿಯಾದ ನಾಳಗಳಲ್ಲ. ವಿಇಜಿಎಫ್ ಮಿತಿಮೀರಿ ಸುರಿಯುತ್ತಿರುವುದರಿಂದ ಬೆಳವಣಿಗೆ ನಿಲ್ಲುವುದಿಲ್ಲ, ಪಕ್ವವಾಗುವುದಕ್ಕೆ ಸಮಯ ಸಿಗುವುದಿಲ್ಲ. ಸಾಮಾನ್ಯ ನಾಳವನ್ನು ಹೊರಗಿನಿಂದ ತಬ್ಬಿ ಬಿಗಿಯಾಗಿಡುವ ಪೆರಿಸೈಟ್ ಎಂಬ ಕೋಶಗಳು ಇಲ್ಲಿ ವಿರಳ. ಗೋಡೆಯಲ್ಲಿ ಬಿರುಕು. ಕೆಲವು ನಾಳಗಳು ಎಲ್ಲಿಗೂ ಹೋಗದೆ ಕೊನೆಯಾಗುತ್ತವೆ, ಕೆಲವು ಸುತ್ತಿ ಬಂದು ತಮ್ಮನ್ನೇ ಸೇರುತ್ತವೆ. ಒಡಕು ಕಾಲುವೆಯ ಪಾಡು ನಮ್ಮ ರೈತರಿಗೆ ಗೊತ್ತು: ಮೇಲಿನ ಭಾಗದ ಹೊಲ ಜವುಗು ಹಿಡಿಯುತ್ತದೆ, ಕೊನೆಯ ಭಾಗದವರಿಗೆ ಹನಿ ನೀರೂ ಮುಟ್ಟುವುದಿಲ್ಲ. ಗೆಡ್ಡೆಯೊಳಗೂ ಹಾಗೆಯೇ. ನಾಳದಿಂದ ಸೋರಿದ ದ್ರವ ಹೊರಗೆ ತುಂಬಿ ಒತ್ತಡ ಏರುತ್ತದೆ, ಆ ಒತ್ತಡಕ್ಕೆ ಬೇರೆ ನಾಳಗಳು ಅದುಮಿಕೊಳ್ಳುತ್ತವೆ, ಆಮ್ಲಜನಕವೂ ಹೋಗುವುದಿಲ್ಲ, ಕೀಮೊ ಔಷಧಿಯೂ ಹೋಗುವುದಿಲ್ಲ. ಆಮ್ಲಜನಕ ಇಲ್ಲವಾದಷ್ಟೂ ಹಿಫ್ ಹೆಚ್ಚುತ್ತದೆ, ವಿಇಜಿಎಫ್ ಹೆಚ್ಚುತ್ತದೆ, ಇನ್ನಷ್ಟು ಸೋರುವ ನಾಳಗಳು ಹುಟ್ಟುತ್ತವೆ. ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡಲು ಆಮ್ಲಜನಕ ಬೇಕಾದ್ದರಿಂದ ಅದರ ಬಲವೂ ಕುಗ್ಗುತ್ತದೆ.

ಟಿ ಕೋಶದ ಕಷ್ಟ ಇನ್ನೂ ಹೆಚ್ಚಿನದು. ರಕ್ತದಲ್ಲಿ ಹರಿಯುತ್ತಿರುವ ಟಿ ಕೋಶ ಹೊರಗಿಳಿಯಬೇಕಾದರೆ ಮೊದಲು ನಾಳದ ಗೋಡೆಗೆ ತಾಗುತ್ತ ಉರುಳಬೇಕು, ಗೋಡೆಯ ಮೇಲಿನ ಹಿಡಿಕೆಯಂಥ ಪ್ರೋಟೀನುಗಳಿಗೆ ಅಂಟಿ ನಿಲ್ಲಬೇಕು, ಆಮೇಲೆ ಎರಡು ಕೋಶಗಳ ಸಂದಿಯಲ್ಲಿ ನುಸುಳಬೇಕು. ವಿಇಜಿಎಫ್ ಪ್ರಭಾವದಲ್ಲಿರುವ ಗೋಡೆ ಆ ಹಿಡಿಕೆಗಳನ್ನು ಕಡಿಮೆ ಮಾಡಿಬಿಡುತ್ತದೆ. ಕೆಲವು ಗೆಡ್ಡೆಗಳಲ್ಲಿ ನಾಳದ ಗೋಡೆಯೇ ಟಿ ಕೋಶವನ್ನು ಸಾಯಿಸುವ ಪ್ರೋಟೀನನ್ನು ಹೊರಚಾಚಿರುತ್ತದೆ. ಅಲ್ಲದೆ ಟಿ ಕೋಶಕ್ಕೆ ಕ್ಯಾನ್ಸರಿನ ಗುರುತನ್ನು ಕಲಿಸಿಕೊಡಬೇಕಾದ ಡೆಂಡ್ರಿಟಿಕ್ ಕೋಶಗಳು ವಿಇಜಿಎಫ್‌ನಿಂದಾಗಿ ಬಲಿಯದೆ ಉಳಿದಿರುತ್ತವೆ. ಇದು 1996ರಲ್ಲೇ ಗೊತ್ತಾಗಿತ್ತು. ಟಿ ಕೋಶವನ್ನು ಸುಸ್ತಾಗಿಸುವ ಪಿಡಿ-1 ಎಂಬ ಪ್ರೋಟೀನು ಅದರ ಮೈಮೇಲೆ ಹೆಚ್ಚುವುದಕ್ಕೂ ವಿಇಜಿಎಫ್ ಕಾರಣವಾಗುತ್ತದೆ.

ನಾಳಕ್ಕೂ ರೋಗನಿರೋಧಕ ಕೋಶಕ್ಕೂ ಇರುವ ಈ ನಂಟು ಒಮ್ಮುಖದ್ದಲ್ಲ. ಟಿ ಕೋಶಗಳು ಚುರುಕಾಗಿ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನನ್ನು ಬಿಟ್ಟಾಗ ನಾಳಗಳು ಸರಿಹೋಗುತ್ತವೆ ಎಂಬುದು ಇಲಿಗಳ ಪ್ರಯೋಗದಲ್ಲಿ ಕಂಡಿದೆ.

ಔಷಧಿ ಮೊದಲು ಬಂತು, ಅದರ ಅರ್ಥ ಆಮೇಲೆ

ವಿಇಜಿಎಫ್‌ಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುವ ಬೆವಾಸಿಝುಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2004ರ ಫೆಬ್ರುವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಕೀಮೊ ಒಂದನ್ನೇ ಪಡೆದವರಲ್ಲಿ ಅರ್ಧದಷ್ಟು ಮಂದಿ 15.6 ತಿಂಗಳು ದಾಟಿದರೆ, ಇದನ್ನೂ ಸೇರಿಸಿ ಪಡೆದವರಲ್ಲಿ ಅರ್ಧದಷ್ಟು ಮಂದಿ 20.3 ತಿಂಗಳು ದಾಟಿದರು. ಗೆಡ್ಡೆಯನ್ನು ಹಸಿವಿನಿಂದ ಸಾಯಿಸುವ ಔಷಧಿ ಬಂತು ಎಂದು ಜಗತ್ತೆಲ್ಲ ಸಂಭ್ರಮಿಸಿತು. ಆದರೆ ಬೆವಾಸಿಝುಮ್ಯಾಬ್ ಒಂಟಿಯಾಗಿ ಹೆಚ್ಚೇನೂ ಮಾಡಲಿಲ್ಲ, ಕೀಮೊ ಜೊತೆಗೇ ಅದರ ಬಲ. ಸ್ತನ ಕ್ಯಾನ್ಸರಿಗೆ 2008ರಲ್ಲಿ ಸಿಕ್ಕಿದ್ದ ಒಪ್ಪಿಗೆಯನ್ನು ಆಯುಸ್ಸು ಹೆಚ್ಚುತ್ತಿಲ್ಲ ಎಂಬ ಕಾರಣಕ್ಕೆ 2011ರಲ್ಲಿ ಹಿಂತೆಗೆದುಕೊಂಡರು.

ಇಲ್ಲೊಂದು ವಿಚಿತ್ರವಿದೆ. ರಕ್ತನಾಳ ನಾಶ ಮಾಡುವ ಔಷಧಿಯಾದರೆ, ರಕ್ತದ ಮೂಲಕವೇ ಗೆಡ್ಡೆಗೆ ಹೋಗಬೇಕಾದ ಕೀಮೊಗೆ ಅದು ಅಡ್ಡಿಯಾಗಬೇಕಿತ್ತಲ್ಲ? ನೆರವಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಐಐಟಿ ಕಾನ್ಪುರದಲ್ಲಿ ಓದಿ ಬಾಸ್ಟನ್ನಿನಲ್ಲಿ ನೆಲೆಸಿದ ಕೆಮಿಕಲ್ ಎಂಜಿನಿಯರ್ ರಾಕೇಶ್ ಜೈನ್. ಔಷಧಿ ಸರಿಯಾದ ಪ್ರಮಾಣದಲ್ಲಿದ್ದರೆ ನಾಳಗಳನ್ನು ಕೊಲ್ಲುವುದಕ್ಕಿಂತ ರಿಪೇರಿ ಮಾಡುತ್ತದೆ, ಸೋರಿಕೆ ನಿಂತು ಒತ್ತಡ ಇಳಿದು ರಕ್ತ ಸರಾಗವಾಗಿ ಹರಿಯುತ್ತದೆ, ಆ ಹೊತ್ತಿನಲ್ಲಿ ಕೊಟ್ಟ ಬೇರೆ ಚಿಕಿತ್ಸೆ ಒಳಗೆ ತಲುಪುತ್ತದೆ ಎಂದು ಅವರು 2001ರಲ್ಲಿ ಹೇಳಿದರು. ಆ ಸಮಯ ತಾತ್ಕಾಲಿಕ. ಪ್ರಮಾಣ ಅತಿಯಾದರೆ ನಾಳಗಳು ಪೂರ್ತಿ ನಶಿಸಿ ಗೆಡ್ಡೆ ಮತ್ತೆ ಉಸಿರುಗಟ್ಟುತ್ತದೆ. ಗೆಡ್ಡೆಯನ್ನು ಉಪವಾಸ ಕೆಡವುವ ಕಲ್ಪನೆಗಿಂತ, ಅದರ ನಾಳಗಳನ್ನು ಸರಿಪಡಿಸಿ ಔಷಧಿಯನ್ನೂ ಟಿ ಕೋಶವನ್ನೂ ಒಳಗೆ ಬಿಡುವ ಈ ಕಲ್ಪನೆಯೇ ಹೆಚ್ಚು ಸತ್ಯ ಎಂಬುದು ನನ್ನ ಅಭಿಪ್ರಾಯ. ಆಮೇಲೆ ಬಂದ ಚಿಕಿತ್ಸೆಗಳು ಅದಕ್ಕೆ ಪುಷ್ಟಿ ಕೊಟ್ಟಿವೆ.

ಪಿಡಿ-1 ಮುಂತಾದವುಗಳನ್ನು ತಡೆದು ಟಿ ಕೋಶಗಳನ್ನು ಮತ್ತೆ ಚುರುಕುಗೊಳಿಸುವ ದಾರಿ ತೋರಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಸಿಕ್ಕಿತು. ಇಮ್ಯುನೊಥೆರಪಿ ಎಂದು ಆಸ್ಪತ್ರೆಗಳಲ್ಲಿ ಹೇಳುವುದು ಮುಖ್ಯವಾಗಿ ಇದನ್ನೇ. ಆದರೆ ಟಿ ಕೋಶಗಳು ಒಳಗೆ ಹೋಗಲಾಗದ ಗೆಡ್ಡೆಗಳಲ್ಲಿ ಇದೊಂದರಿಂದ ಪ್ರಯೋಜನ ಕಡಿಮೆ. ಹಾಗಾಗಿ ಇದನ್ನೂ ನಾಳ ತಡೆಯುವ ಔಷಧಿಯನ್ನೂ ಸೇರಿಸಿ ನೋಡಿದರು. ಯಕೃತ್ತಿನ ಕ್ಯಾನ್ಸರಿನಲ್ಲಿ ಬೆವಾಸಿಝುಮ್ಯಾಬ್ ಜೊತೆ ಅಟೆಜೊಲಿಝುಮ್ಯಾಬ್ ಎಂಬ ಇಮ್ಯುನೊ ಔಷಧಿ ಪಡೆದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಶೇ 67.2, ಅಲ್ಲಿಯವರೆಗಿನ ಮುಖ್ಯ ಔಷಧಿ ಸೊರಾಫೆನಿಬ್ ಪಡೆದವರಲ್ಲಿ ಶೇ 54.6. 2020ರ ಮೇ ತಿಂಗಳಲ್ಲಿ ಅಮೆರಿಕ ಈ ಜೋಡಿಗೆ ಒಪ್ಪಿಗೆ ಕೊಟ್ಟಿತು. ಮೂತ್ರಪಿಂಡ, ಗರ್ಭಕೋಶದ ಒಳಪದರದ ಕ್ಯಾನ್ಸರುಗಳಲ್ಲೂ ಇಂಥ ಜೋಡಿಗಳು ಬಳಕೆಗೆ ಬಂದಿವೆ.

ಈ ಔಷಧಿಗಳ ಬೆಲೆ ನಮ್ಮ ಹೆಚ್ಚಿನ ಮನೆಗಳಿಗೆ ಎಟುಕುವಂಥದ್ದಲ್ಲ. ಬೆವಾಸಿಝುಮ್ಯಾಬ್‌ನ ಸಮಾನ ರೂಪಗಳು ಭಾರತದಲ್ಲಿ ತಯಾರಾಗುತ್ತಿವೆ. ಬೆಂಗಳೂರಿನ ಬಯೋಕಾನ್ 2017ರಲ್ಲಿ ಕ್ರಾಬೆವಾ ಹೆಸರಿನಲ್ಲಿ ಬಿಡುಗಡೆ ಮಾಡಿತು. ಇಮ್ಯುನೊ ಔಷಧಿಯ ವಿಷಯದಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಮಾಡಿದ ಕೆಲಸವನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ಗುಣಪಡಿಸುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರಿನ ರೋಗಿಗಳಿಗೆ ಅಲ್ಲಿ ಮೂರು ಅಗ್ಗದ ಮಾತ್ರೆಗಳನ್ನು ಕೊಡುತ್ತಿದ್ದರು: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನವೂ ಸೆಲೆಕಾಕ್ಸಿಬ್ ಮತ್ತು ಎರ್ಲೊಟಿನಿಬ್. ಕಡಿಮೆ ಪ್ರಮಾಣದ ಔಷಧಿಯನ್ನು ಬಿಡುವಿಲ್ಲದೆ ಕೊಡುವ ಈ ಕ್ರಮಕ್ಕೆ ಮೆಟ್ರೊನೊಮಿಕ್ ಎಂದು ಹೆಸರು. ಇದರ ಬೇರು ಫೋಕ್‌ಮನ್ ಪ್ರಯೋಗಾಲಯದಲ್ಲೇ ಇದೆ. ಹೀಗೆ ಕೊಟ್ಟ ಕೀಮೊ ಕ್ಯಾನ್ಸರ್ ಕೋಶಕ್ಕಿಂತ ಹೆಚ್ಚಾಗಿ ಬೆಳೆಯುತ್ತಿರುವ ನಾಳಗಳಿಗೆ ನಾಟುತ್ತದೆ ಎಂದು ಅವರ ತಂಡ 2000ದಲ್ಲಿ ಇಲಿಗಳಲ್ಲಿ ತೋರಿಸಿತ್ತು. ಟಾಟಾ ವೈದ್ಯರು ಈ ಮಾತ್ರೆಗಳಿಗೆ ನಿವೊಲುಮ್ಯಾಬ್ ಎಂಬ ಇಮ್ಯುನೊ ಔಷಧಿಯನ್ನು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂನಂತೆ ಸೇರಿಸಿದರು. ರೂಢಿಯ ಪ್ರಮಾಣ ಎರಡು ವಾರಕ್ಕೆ 240 ಮಿಲಿಗ್ರಾಂ. ಫಲಿತಾಂಶ ಪ್ರಕಟವಾದಾಗ, ಮಾತ್ರೆ ಮಾತ್ರ ಪಡೆದವರಲ್ಲಿ ಒಂದು ವರ್ಷ ದಾಟಿದವರು ಶೇ 16.3 ಇದ್ದರೆ, ನಿವೊಲುಮ್ಯಾಬ್ ಸೇರಿಸಿದವರಲ್ಲಿ ಶೇ 43.4. ಪ್ರಯೋಗದಲ್ಲಿದ್ದವರು ಸುಮಾರು 150 ಮಂದಿ, ಅದೂ ಒಂದೇ ಆಸ್ಪತ್ರೆಯಲ್ಲಿ. ಹಾಗಿದ್ದರೂ ನಮ್ಮ ಬಡ ರೋಗಿಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ಸುದ್ದಿ ಇತ್ತೀಚೆಗೆ ನಾನು ಓದಿಲ್ಲ. ಇಂಥ ಸ್ಥಿತಿಯಲ್ಲಿರುವ ರೋಗಿಯ ಮನೆಯವರು ‘ಕಡಿಮೆ ಪ್ರಮಾಣದ ನಿವೊಲುಮ್ಯಾಬ್ ನಮಗೆ ಆಗುತ್ತದೆಯೇ ಡಾಕ್ಟ್ರೇ?’ ಎಂದು ಸಂಕೋಚವಿಲ್ಲದೆ ಕೇಳಬೇಕು.

ಮನೆಯವರಿಗೆ ಒಂದಿಷ್ಟು

ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಮನೆಗೆ ಎರಡು ಸಲಹೆಗಳು ಬಂದೇ ಬರುತ್ತವೆ. ಒಂದು, ಸಕ್ಕರೆ, ಅನ್ನ ಬಿಡಿಸಿ ಗೆಡ್ಡೆಗೆ ಆಹಾರ ಸಿಗದಂತೆ ಮಾಡಿ ಎಂಬುದು. ಊಟ ಬಿಟ್ಟರೂ ಯಕೃತ್ತು ರಕ್ತದ ಗ್ಲೂಕೋಸನ್ನು ಕಾಯ್ದುಕೊಳ್ಳುತ್ತದೆ. ಅದಕ್ಕಾಗಿ ಕರಗುವುದು ರೋಗಿಯ ಮಾಂಸಖಂಡ. ಟಿ ಕೋಶಗಳಿಗೂ ಅದೇ ಗ್ಲೂಕೋಸ್ ಬೇಕು. ತೂಕ ಇಳಿದ ರೋಗಿ ಕೀಮೊ ತಡೆದುಕೊಳ್ಳಲಾರ. ಮಧುಮೇಹ ಇದ್ದವರು ಅದರ ಪಥ್ಯ ಮಾಡಲಿ, ಉಳಿದವರು ಹೊಟ್ಟೆ ತುಂಬ ಊಟ ಮಾಡಲಿ. ಎರಡನೆಯ ಸಲಹೆ, ಇಮ್ಯುನಿಟಿ ಹೆಚ್ಚಿಸುವ ಪುಡಿ, ಕಷಾಯ. ಯಾವ ಕೋಶವನ್ನು ಹೆಚ್ಚಿಸುವುದು? ಗೆಡ್ಡೆಯೊಳಗೆ ಅದನ್ನು ಕೊಲ್ಲುವ ಟಿ ಕೋಶವೂ ಇದೆ, ಅದಕ್ಕೆ ನಾಳ ಕಟ್ಟಿಕೊಡುವ ಮ್ಯಾಕ್ರೊಫೇಜೂ ಇದೆ, ಎರಡೂ ಇಮ್ಯುನಿಟಿಯವೇ. ಕಷಾಯ ಕೊಡಲೇಬೇಕೆನಿಸಿದರೆ ವೈದ್ಯರಿಗೆ ಹೇಳಿ ಕೊಡಿ. ಯಕೃತ್ತಿಗೆ ಭಾರವಾಗುವ ಮೂಲಿಕೆಗಳಿವೆ.

ಬೆವಾಸಿಝುಮ್ಯಾಬ್‌ನಂಥ ನಾಳ ತಡೆಯುವ ಔಷಧಿಯ ಅಡ್ಡಪರಿಣಾಮಗಳೆಲ್ಲ ಅದರ ಕೆಲಸದಿಂದಲೇ ಹುಟ್ಟುತ್ತವೆ. ವಿಇಜಿಎಫ್ ಆರೋಗ್ಯವಂತ ನಾಳಗಳನ್ನು ಹಿಗ್ಗಿಸಿ ಇಡುತ್ತದೆ, ಅದನ್ನು ತಡೆದಾಗ ಬಿಪಿ ಏರುತ್ತದೆ. ಮೂತ್ರಪಿಂಡದ ಶೋಧಕಕ್ಕೂ ಅದು ಬೇಕು, ಹಾಗಾಗಿ ಮೂತ್ರದಲ್ಲಿ ಪ್ರೋಟೀನು ಹೋಗಬಹುದು. ಮನೆಯಲ್ಲಿ ಬಿಪಿ ನೋಡಿ ಬರೆದಿಡುವುದು, ಹೇಳಿದಾಗಲೆಲ್ಲ ಮೂತ್ರ ಪರೀಕ್ಷೆ ಮಾಡಿಸುವುದು ತಪ್ಪಬಾರದು. ಯಕೃತ್ತಿನ ಕ್ಯಾನ್ಸರಿನವರಿಗೆ ಈ ಔಷಧಿ ಕೊಡುವ ಮೊದಲು ಎಂಡೊಸ್ಕೋಪಿ ಮಾಡುವುದು ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ನೋಡಲು. ಅವು ಒಡೆದರೆ ಜೀವಕ್ಕೆ ಅಪಾಯ. ಮಧುಮೇಹದಿಂದ ಕಣ್ಣು ಮಂಜಾದ ಹಿರಿಯರಿಗೆ ಕಣ್ಣೊಳಗೆ ಕೊಡುವ ಇಂಜೆಕ್ಷನ್ ಹಲವು ಸಲ ಇದೇ ಬೆವಾಸಿಝುಮ್ಯಾಬ್ ಆಗಿರುತ್ತದೆ. ಕ್ಯಾನ್ಸರ್ ಔಷಧಿ ಕೊಟ್ಟರು ಎಂದು ಗಾಬರಿಯಾಗುವುದು ಬೇಡ. ಅಲ್ಲೂ ತಡೆಯಬೇಕಾದದ್ದು ಸೋರುವ ನಾಳಗಳನ್ನೇ, ಪ್ರಮಾಣವೂ ಅತ್ಯಲ್ಪ.

ಇಮ್ಯುನೊಥೆರಪಿಯ ತೊಂದರೆ ಬೇರೆ ಬಗೆಯದು. ಚುರುಕಾದ ಟಿ ಕೋಶಗಳು ಒಳ್ಳೆಯ ಅಂಗಗಳ ಮೇಲೂ ಬೀಳಬಹುದು: ನಿಲ್ಲದ ಭೇದಿ, ಒಣಕೆಮ್ಮು, ಏದುಸಿರು, ಮೈ ತುಂಬ ದದ್ದು, ವಿಪರೀತ ಆಯಾಸ. ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರುವುದುಂಟು. ಊರಿನ ಕ್ಲಿನಿಕ್ಕಿಗೆ ಹೋದಾಗ ಭೇದಿಗೆ ಭೇದಿಯ ಮಾತ್ರೆ, ಕೆಮ್ಮಿಗೆ ಕೆಮ್ಮಿನ ಸಿರಪ್ಪು ಸಿಗುತ್ತದೆ. ಇಮ್ಯುನೊಥೆರಪಿ ಆಗಿದೆ ಎಂಬ ಒಂದು ಮಾತು ಹೇಳಿದರೆ ಬೇಕಾದ ಸ್ಟಿರಾಯ್ಡ್ ಚಿಕಿತ್ಸೆ ಸಮಯಕ್ಕೆ ಸಿಗುತ್ತದೆ.

ನಾಳ ತಡೆಯುವ ಔಷಧಿ ಗಾಯ ಮಾಯುವುದನ್ನೂ ತಡೆಯುತ್ತದೆ. ದೊಡ್ಡ ಆಪರೇಷನ್ನಿಗೆ ಮುಂಚೆ ಬೆವಾಸಿಝುಮ್ಯಾಬ್ ನಿಲ್ಲಿಸಿ ಕನಿಷ್ಠ 28 ದಿನ ಬಿಡುತ್ತಾರೆ, ಆಪರೇಷನ್ ಆದ ಮೇಲೂ ಗಾಯ ಪೂರ್ತಿ ಕೂಡಿಕೊಳ್ಳುವವರೆಗೆ ಕಾಯುತ್ತಾರೆ. ಹಲ್ಲು ಕೀಳಿಸಬೇಕಾಗಿ ಬಂದರೂ ಮೊದಲು ಕ್ಯಾನ್ಸರ್ ವೈದ್ಯರನ್ನು ಕೇಳಿ. ರೋಗಿಗೆ ಕೊಡುತ್ತಿರುವ ಔಷಧಿಗಳ ಹೆಸರು, ಕೊನೆಯ ಡೋಸಿನ ದಿನಾಂಕ ಬರೆದ ಚೀಟಿ ಅವರ ಜೇಬಿನಲ್ಲೋ ಪರ್ಸಿನಲ್ಲೋ ಸದಾ ಇರಲಿ.